ಹಿಂಗಾರಿಗೆ ಸಾಂಬಾರ್ ಈರುಳ್ಳಿ: ಒಂದು ಗುಂಟೆಯಿಂದ ಶುರು ಮಾಡಿ

ಹಿರೇನಲ್ಲೂರು ಹೋಬಳಿಯ ರೈತರಿಗೆ ಈರುಳ್ಳಿ ಹೊಸತಲ್ಲ. ಕಡೂರು, ಅಜ್ಜಂಪುರ, ತರೀಕೆರೆ ಬಯಲಿನಲ್ಲಿ ಮುಂಗಾರಿನ ಈರುಳ್ಳಿ ಎಷ್ಟೋ ಮನೆಗಳ ವರ್ಷದ ಲೆಕ್ಕಾಚಾರವನ್ನೇ ನಿರ್ಧರಿಸುತ್ತದೆ. ಆದರೆ ಮೇ-ಜೂನ್‌ನಲ್ಲಿ ಬಿತ್ತಿದ್ದನ್ನು ಕೀಳುವ ಹೊತ್ತಿಗೆ ಎರಡು ಆತಂಕ ಒಟ್ಟಿಗೇ ಎದುರಾಗುತ್ತವೆ. ಒಂದು, ಬಿಡದೆ ಹಿಡಿಯುವ ಮಳೆಗೆ ಗೆಡ್ಡೆ ಕೊಳೆಯುವುದು. ಇನ್ನೊಂದು, ಚಿತ್ರದುರ್ಗ ಸೀಮೆಯ ಮಾಲೂ ನಮ್ಮ ಮಾಲೂ ಒಂದೇ ವಾರ ಬೆಂಗಳೂರಿನ ಮಾರುಕಟ್ಟೆಗೆ ಇಳಿದು ರೇಟು ಬೀಳುವುದು.

ಇದೇ ಸೀಮೆಯಲ್ಲಿ, ಇದೇ ಕೊಳವೆ ಬಾವಿಯ ನೀರಿನಲ್ಲಿ, ಮಳೆ ಹಿಂದೆ ಸರಿದ ಮೇಲೆ ಹಾಕಬಹುದಾದ ಇನ್ನೊಂದು ಈರುಳ್ಳಿ ಇದೆ. ಅದೇ ಸಣ್ಣ ಈರುಳ್ಳಿ, ಅಂಗಡಿಯವರ ಮಾತಿನಲ್ಲಿ ಸಾಂಬಾರ್ ಈರುಳ್ಳಿ. ನಮ್ಮ ರಾಜ್ಯದಲ್ಲಿ ಇದನ್ನು ಹೆಚ್ಚಾಗಿ ಬೆಳೆಯುವವರು ಚಾಮರಾಜನಗರ, ಗುಂಡ್ಲುಪೇಟೆ ಕಡೆಯವರು. ಅವರ ಮಾಲು ಬಹುಪಾಲು ಕೇರಳಕ್ಕೂ ತಮಿಳುನಾಡಿಗೂ ಹೋಗುತ್ತದೆ. ದೀಪಾವಳಿಯ ಆಸುಪಾಸು ನೆಟ್ಟರೆ ಸಂಕ್ರಾಂತಿ ಕಳೆದ ಮೇಲೆ, ಶಿವರಾತ್ರಿಯೊಳಗೆ ಕೈಗೆ ಬರುವ ಈ ಬೆಳೆ ಕಡೂರಿನ ಹಿಂಗಾರಿಗೂ ಹೊಂದುತ್ತದೆ. ಒಂದೇ ಷರತ್ತು: ಇದರ ಸೋಲು-ಗೆಲುವು ಹೆಚ್ಚಾಗಿ ತೀರ್ಮಾನವಾಗುವುದು ನಾಟಿಗೆ ಮುಂಚೆ, ಬೀಜದ ಗೆಡ್ಡೆಯನ್ನು ಆರಿಸುವಾಗ.

ಯಾವುದು ನಿಜವಾದ ಸಾಂಬಾರ್ ಈರುಳ್ಳಿ?

ಗಾತ್ರ ಸಣ್ಣದಿದ್ದ ಮಾತ್ರಕ್ಕೆ ಅದು ಸಾಂಬಾರ್ ಈರುಳ್ಳಿಯಲ್ಲ. ಮುಂಗಾರಿನ ಈರುಳ್ಳಿಯನ್ನು ವಿಂಗಡಿಸಿದಾಗ ಉಳಿಯುವ ಗೋಲಿ ಗಾತ್ರದ ಗೆಡ್ಡೆಗಳನ್ನೂ ಕೆಲವರು ಇದೇ ಹೆಸರಿನಲ್ಲಿ ಮಾರುತ್ತಾರೆ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದಲ್ಲಿ ಬೆಳೆದು ಹೊರದೇಶಕ್ಕೆ ಹೋಗುವ, 2015ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಬೆಂಗಳೂರು ಗುಲಾಬಿ ಈರುಳ್ಳಿಯೂ ಬೇರೆ. ಅದು ಬೀಜದಿಂದ ಬರುವ ಒಂಟಿ ಗೆಡ್ಡೆ.

ಸಾಂಬಾರ್ ಈರುಳ್ಳಿ ಗುಂಪಿನ ಗೆಡ್ಡೆ. ಒಂದು ನೆಟ್ಟರೆ ಬುಡದಲ್ಲಿ ನಾಲ್ಕರಿಂದ ಎಂಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಮರಿಗಳು ಒಂದಕ್ಕೊಂದು ಅಂಟಿಕೊಂಡು ಬೆಳೆಯುತ್ತವೆ. ಕೊಳ್ಳುವ ಮುಂಚೆ ಪರೀಕ್ಷೆ ಸುಲಭ. ನಾಲ್ಕಾರು ಗೆಡ್ಡೆಗಳನ್ನು ನಡುವೆ ಅಡ್ಡಲಾಗಿ ಕೊಯ್ದು ನೋಡಿ. ಒಳಗೆ ಎರಡು ಮೂರು ಸುಳಿಗಳು ಬೇರೆಬೇರೆಯಾಗಿ ಕಂಡರೆ ಅದು ಗುಂಪಿನ ತಳಿ. ಒಂದೇ ಸುಳಿಯ ಸುತ್ತ ಬಳೆ ಬಳೆಯಾಗಿ ಪದರಗಳಿದ್ದರೆ ಅದು ಮಾಮೂಲಿ ಈರುಳ್ಳಿ. ಅದನ್ನು ನೆಟ್ಟರೆ ಹೂದಂಟು ಬಂದೀತು, ಗುಂಪಿನ ಬೆಳೆ ಬಾರದು.

ತಳಿಗಳ ವಿಚಾರಕ್ಕೆ ಬಂದರೆ, ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಸಿಓ-4 ಮತ್ತು ಸಿಓ-5 ಹೆಚ್ಚು ಬಳಕೆಯಲ್ಲಿವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಉಜ್ವಲ್ ಕೂಡ ಇದೇ ಜಾತಿಯದು. ಸಾಮಾನ್ಯವಾಗಿ ಸಣ್ಣ ಈರುಳ್ಳಿ ಬೀಜ ಕಟ್ಟುವುದಿಲ್ಲ, ಗೆಡ್ಡೆಯಿಂದಲೇ ಮುಂದುವರಿಯಬೇಕು. ಆದರೆ ಸಿಓ-5 ಹೂಬಿಟ್ಟು ಬೀಜ ಕೊಡುತ್ತದೆ. ಅದರ ಬೀಜದಿಂದ ಒಟ್ಲುಪಾತಿಯಲ್ಲಿ ಸಸಿ ಮಾಡಿ, ಸುಮಾರು 40 ದಿನಕ್ಕೆ ಕಿತ್ತು ನಾಟಿ ಮಾಡಬಹುದು. ಗೆಡ್ಡೆ ಕೊಳ್ಳುವ ದೊಡ್ಡ ಖರ್ಚು ಇದರಿಂದ ಉಳಿಯುತ್ತದೆ, ಆದರೆ ಬೆಳೆಯ ಅವಧಿ ಅಷ್ಟು ಉದ್ದವಾಗುತ್ತದೆ.

ಆನ್‌ಲೈನ್ ಅಂಗಡಿಗಳಲ್ಲಿ ಶಾಲಟ್ ಎಂಬ ಯುರೋಪಿನ ಸಣ್ಣ ಈರುಳ್ಳಿಯ ಬೀಜ ಸಿಗುತ್ತದೆಂದು ತರಿಸಬೇಡಿ. ಗೆಡ್ಡೆ ಕಟ್ಟಬೇಕೋ ಬೇಡವೋ ಎಂಬುದನ್ನು ಈರುಳ್ಳಿ ಜಾತಿ ಹಗಲಿನ ಉದ್ದ ನೋಡಿ ತೀರ್ಮಾನಿಸುತ್ತದೆ. ಇಂಗ್ಲೆಂಡ್, ಫ್ರಾನ್ಸ್ ಕಡೆ ಶರತ್ಕಾಲದಲ್ಲಿ ಊರಿದ ಶಾಲಟ್ ಚಳಿಯನ್ನು ನೆಲದಲ್ಲೇ ಕಳೆದು, 14-16 ಗಂಟೆಯ ಬೇಸಿಗೆ ಹಗಲು ಬಂದ ಮೇಲೆ ಗೆಡ್ಡೆ ತುಂಬುತ್ತದೆ. ನಮ್ಮ ಕಡೂರಿನಲ್ಲಿ ವರ್ಷದ ಅತಿ ಉದ್ದದ ಹಗಲೂ ಹದಿಮೂರು ಗಂಟೆ ಮುಟ್ಟುವುದಿಲ್ಲ. ಆ ತಳಿ ಇಲ್ಲಿ ಬರೀ ಸೊಪ್ಪು ಬಿಟ್ಟು ನಿಲ್ಲುತ್ತದೆ. ಡಿಸೆಂಬರಿನ ಹನ್ನೊಂದೂಕಾಲು ಗಂಟೆಯ ಹಗಲಿನಲ್ಲೂ ಗೆಡ್ಡೆ ಕಟ್ಟುವ ದಕ್ಷಿಣದ ತಳಿಗಳೇ ನಮಗೆ ಸರಿ.

ಬೀಜದ ಗೆಡ್ಡೆ ಹೇಗಿರಬೇಕು?

ಆಗಷ್ಟೇ ಕಿತ್ತ ಗೆಡ್ಡೆ ನಾಟಿಗೆ ಬರುವುದಿಲ್ಲ. ಅದಕ್ಕೆ ಎರಡು ತಿಂಗಳಾದರೂ ವಿಶ್ರಾಂತಿ ಬೇಕು. ಹಸಿ ಗೆಡ್ಡೆ ನೆಟ್ಟರೆ ಕೆಲವು ಮೊಳೆಯುತ್ತವೆ, ಕೆಲವು ಮೊಳೆಯುವುದಿಲ್ಲ, ಮತ್ತೆ ಕೆಲವು ಅಲ್ಲೇ ಕೊಳೆಯುತ್ತವೆ. ಏಪ್ರಿಲ್-ಮೇನಲ್ಲಿ ನೆಟ್ಟು ಜುಲೈ-ಆಗಸ್ಟಿನಲ್ಲಿ ಕಿತ್ತ ಗೆಡ್ಡೆ ಅಕ್ಟೋಬರ್ ಕೊನೆಯ ನಾಟಿಗೆ ಹದವಾಗಿರುತ್ತದೆ. ಮಾರುವವರನ್ನು ಮೊದಲು ಕೇಳಬೇಕಾದ ಪ್ರಶ್ನೆ ರೇಟಲ್ಲ, ಯಾವ ತಿಂಗಳು ಕಿತ್ತದ್ದು ಎಂಬುದು.

ಗಾತ್ರ ಮಧ್ಯಮವಿರಲಿ, ಅಡ್ಡಳತೆ ಒಂದೂವರೆಯಿಂದ ಎರಡು ಸೆಂಟಿಮೀಟರ್. ತೀರಾ ದಪ್ಪ ಗೆಡ್ಡೆ ಹೆಚ್ಚು ಮರಿ ಹಾಕುತ್ತದೆ, ಆದರೆ ಮರಿಗಳು ಸಣ್ಣಗಾಗುತ್ತವೆ. ಚಳಿಗೆ ಹೂದಂಟು ಎತ್ತುವುದೂ ದಪ್ಪ ಗೆಡ್ಡೆಯಲ್ಲೇ ಜಾಸ್ತಿ. ತೀರಾ ಸಣ್ಣದಕ್ಕೆ ಶಕ್ತಿ ಸಾಲದು. ಗಟ್ಟಿಯಾಗಿ, ಹೊರ ಸಿಪ್ಪೆ ಒಣಗಿ ಹೊಳೆಯುವಂತಿರಬೇಕು. ಬೆರಳಲ್ಲಿ ಒತ್ತಿದರೆ ಮೆತ್ತಗಾಗುವುದು, ಬುಡದಲ್ಲಿ ಬಿಳಿ ಬೂಷ್ಟು ಕಂಡದ್ದು, ಕತ್ತಿನ ಹತ್ತಿರ ಕಪ್ಪು ಪುಡಿ ಇರುವುದು ಬೇಡ. ಬುಡ ಕೊಳೆ ರೋಗ ಒಮ್ಮೆ ಗೆಡ್ಡೆಯ ಜೊತೆ ಹೊಲಕ್ಕೆ ಬಂದರೆ ಅಲ್ಲಿಯ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಲೆಕ್ಕ ಹೀಗೆ: 45 ಸೆಂಟಿಮೀಟರ್ ಅಂತರದ ಬೋದುಗಳ ಎರಡೂ ಮಗ್ಗುಲಲ್ಲಿ 10 ಸೆಂಟಿಮೀಟರಿಗೊಂದರಂತೆ ನೆಟ್ಟರೆ ಒಂದು ಗುಂಟೆಗೆ ಸುಮಾರು 4,400 ಗೆಡ್ಡೆ ಹಿಡಿಯುತ್ತವೆ. ಮಧ್ಯಮ ಗಾತ್ರದಲ್ಲಿ ಇದು 12ರಿಂದ 15 ಕಿಲೋ. ಎಕರೆಗಾದರೆ 500-600 ಕಿಲೋ ಬೇಕು. ಎಕರೆಯ ಖರ್ಚಿನಲ್ಲಿ ದೊಡ್ಡ ಪಾಲು ಇದೇ ಆಗುವುದರಿಂದ ಮೊದಲ ವರ್ಷ ಒಂದೆರಡು ಗುಂಟೆಗೆ ನಿಲ್ಲುವುದು ಜಾಣತನ.

ನೆಲ ಮತ್ತು ಜಾಗ

ಕಡೂರು ಕಡೆಯ ಮರಳು ಬೆರೆತ ಕೆಂಪು ಮಣ್ಣು ಈ ಬೆಳೆಗೆ ಚೆನ್ನಾಗಿ ಒಗ್ಗುತ್ತದೆ. ನೀರು ಬಸಿದು ಹೋಗುತ್ತದೆ, ಗೆಡ್ಡೆ ಕೀಳಲೂ ಸಲೀಸು. ಅಜ್ಜಂಪುರ ಕಡೆಯ ಎರೆಭೂಮಿಯಲ್ಲೂ ಬೆಳೆಯಬಹುದು, ಆದರೆ ಅಲ್ಲಿ ಬೋದು ಎತ್ತರವಿರಬೇಕು, ನೀರು ಕೊಡುವ ಕೈ ಬಿಗಿಯಾಗಿರಬೇಕು. ಎರೆಮಣ್ಣು ಬಿರುಕು ಬಿಡುವಷ್ಟು ಒಣಗಿದ ಮೇಲೆ ಒಮ್ಮೆಗೇ ನೀರು ತುಂಬಿಸಿದರೆ ಗೆಡ್ಡೆ ಸೀಳುತ್ತದೆ.

ತೆಂಗು, ಅಡಿಕೆ ತೋಟದ ನಡುವೆ ಹಾಕಬಹುದೇ ಎಂದು ಕೇಳುವವರು ಬಹಳ. ಸಸಿಗಳು ಇನ್ನೂ ಎಳೆಯವಾಗಿದ್ದು, ಸಾಲಿನ ನಡುವೆ ದಿನವಿಡೀ ಬಿಸಿಲು ಬೀಳುವಂತಿದ್ದರೆ ಹಾಕಬಹುದು. ಗರಿ ಕೂಡಿಕೊಂಡ ತೋಟದಲ್ಲಿ ಬೇಡ. ನೆರಳಿನಲ್ಲಿ ಸೊಪ್ಪು ಉದ್ದವಾಗುತ್ತದೆ, ಬುಡದಲ್ಲಿ ಏನೂ ಇರುವುದಿಲ್ಲ.

ಮುಂಗಾರಿನಲ್ಲಿ ಈರುಳ್ಳಿ ಅಥವಾ ಬೆಳ್ಳುಳ್ಳಿ ಇದ್ದ ಹೊಲವನ್ನೂ ಬಿಡಿ. ಎರಡಕ್ಕೂ ಬರುವ ರೋಗಗಳು ಒಂದೇ. ಹೆಸರು, ಅಲಸಂದೆಯಂಥ ಬೇಗ ಮುಗಿಯುವ ಕಾಳಿನ ಬೆಳೆ ಕೊಯ್ದ ನೆಲ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ.

ಗುಂಟೆಗೆ 250 ಕಿಲೋದಷ್ಟು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ ಮಣ್ಣಿಗೆ ಬೆರೆಸಿ. ಕಳಿಯದ ಹಸಿ ಗೊಬ್ಬರ ಹಾಕಿದರೆ ಗೊಣ್ಣೆಹುಳು ಮತ್ತು ಕಳೆಬೀಜ ಎರಡನ್ನೂ ನಾವೇ ಹೊಲಕ್ಕೆ ತಂದಂತೆ. ಗೊಬ್ಬರಕ್ಕೆ ಟ್ರೈಕೊಡರ್ಮಾ ಬೆರೆಸಿ, ನೆರಳಿನಲ್ಲಿ ತೇವ ಆರದಂತೆ ಹದಿನೈದು ದಿನ ಇಟ್ಟು ಹಾಕಿದರೆ ಬುಡ ಕೊಳೆಗೆ ಅದೇ ಮೊದಲ ಕಾವಲು.

ನಾಟಿಯ ಹೊತ್ತು

ಚಿತ್ತೆ ಮಳೆ ಅಕ್ಟೋಬರ್ ಮೂರನೇ ವಾರದವರೆಗೆ ಇರುತ್ತದೆ. ಅದರ ನಂತರ ಸ್ವಾತಿ, ವಿಶಾಖಾ. ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗಿನ ಈ ಮೂರು ವಾರ ನಾಟಿಗೆ ಒಳ್ಳೆಯ ಕಾಲ. ಇದಕ್ಕಿಂತ ಮುಂಚೆ ನೆಟ್ಟರೆ ಹಿಂಗಾರಿನ ಜೋರು ಮಳೆಗೆ ಬೋದು ಕುಸಿದು ಗೆಡ್ಡೆ ಕೊಳೆಯುವ ಅಪಾಯ. ಡಿಸೆಂಬರಿಗೆ ತಳ್ಳಿದರೆ ಗೆಡ್ಡೆ ತುಂಬುವ ಹೊತ್ತಿಗೆ ಮಾರ್ಚಿನ ಬಿಸಿಲು, ಥ್ರಿಪ್ಸ್ ಕಾಟ, ಕೊಳವೆ ಬಾವಿಯಲ್ಲಿ ಇಳಿಯುವ ನೀರು ಮೂರೂ ಒಟ್ಟಿಗೆ ಬರುತ್ತವೆ.

ನಾಟಿಗೆ ಮುಂಚೆ ಗುಂಪು ಬಿಡಿಸಿ, ಒಣಗಿದ ಹೊರ ಸಿಪ್ಪೆ ಉದುರಿಸಿ. ಕಿಲೋ ಗೆಡ್ಡೆಗೆ 4-5 ಗ್ರಾಂ ಟ್ರೈಕೊಡರ್ಮಾ ಪುಡಿಯನ್ನು ತುಸು ನೀರಿನಲ್ಲಿ ಕಲಸಿ ಲೇಪಿಸಿ, ನೆರಳಿನಲ್ಲಿ ಅರ್ಧ ಗಂಟೆ ಆರಲು ಬಿಡಿ. ಬೋದಿಗೆ ಮೊದಲೇ ನೀರು ಹಾಯಿಸಿ ಮಣ್ಣು ಹದವಾಗಿರಲಿ. ಬೇರು ಬರುವ ಬುಡ ಕೆಳಗೆ, ತುದಿ ಮೇಲೆ ಇರುವಂತೆ ಗೆಡ್ಡೆಯನ್ನು ಬೆರಳಿನಿಂದ ಒತ್ತಿ. ತುದಿ ಮಣ್ಣಿನ ಮಟ್ಟಕ್ಕೆ ಕಂಡೂ ಕಾಣದಂತಿರಬೇಕು. ಆಳಕ್ಕೆ ಹೂತರೆ ಮೊಳಕೆ ತಡ, ಗೆಡ್ಡೆಯ ಆಕಾರವೂ ಕೆಡುತ್ತದೆ. ತಲೆಕೆಳಗಾಗಿ ಊರಿದ್ದು ಕೂಡ ಮೊಳೆಯುತ್ತದೆ, ಆದರೆ ಸುಳಿ ಸುತ್ತಿಕೊಂಡು ಬರುವುದರಿಂದ ವಾರ ಹಿಂದೆ ಬೀಳುತ್ತದೆ. ಕೂಲಿಗೆ ಬಂದವರು ಈ ಬೆಳೆಗೆ ಹೊಸಬರಾದರೆ ಮೊದಲ ಸಾಲನ್ನು ನೀವೇ ನೆಟ್ಟು ತೋರಿಸಿ.

ನೀರು, ಗೊಬ್ಬರ, ಕಳೆ

ಇದರ ಬೇರು ಮೇಲ್ಮಣ್ಣಿನ ಒಂದು ಗೇಣಿನಲ್ಲೇ ಹರಡುತ್ತದೆ. ಹಾಗಾಗಿ ಬೇಕಾದದ್ದು ಸ್ವಲ್ಪ ಸ್ವಲ್ಪ, ಆದರೆ ತಪ್ಪದೆ. ನೆಟ್ಟ ಮೂರನೇ ದಿನ ಮತ್ತೊಂದು ನೀರು, ಆಮೇಲೆ ಮಣ್ಣು ನೋಡಿಕೊಂಡು ವಾರಕ್ಕೊಮ್ಮೆ. ಕೆಂಪು ಮಣ್ಣಿನಲ್ಲಿ ಐದಾರು ದಿನಕ್ಕೇ ಬೇಕಾಗಬಹುದು, ಎರೆಯಲ್ಲಿ ಹತ್ತು ದಿನ ತಡೆಯುತ್ತದೆ. ಹನಿ ನೀರಾವರಿ ಇದ್ದರೆ ಇನ್ನೂ ಒಳ್ಳೆಯದು, ಎಲೆಯ ಮೇಲೆ ತೇವ ನಿಲ್ಲುವುದಿಲ್ಲ. ಸ್ಪ್ರಿಂಕ್ಲರ್ ಹಾಕುವವರು ಬೆಳಗ್ಗೆ ಹಾಕಿ, ಸಂಜೆ ಹಾಕಬೇಡಿ. ರಾತ್ರಿಯಿಡೀ ಒದ್ದೆಯಾಗಿರುವ ಎಲೆ ಮಚ್ಚೆ ರೋಗವನ್ನು ಕರೆಯುತ್ತದೆ.

ಹೆಕ್ಟೇರಿಗೆ 60 ಕಿಲೋ ಸಾರಜನಕ, 60 ಕಿಲೋ ರಂಜಕ, 30 ಕಿಲೋ ಪೊಟ್ಯಾಷ್ ಎಂಬ ತಮಿಳುನಾಡಿನ ಶಿಫಾರಸನ್ನು ಗುಂಟೆಗೆ ಇಳಿಸಿದರೆ ಹೀಗಾಗುತ್ತದೆ: ನಾಟಿಗೆ ಮುಂಚೆ ಸಿಂಗಲ್ ಸೂಪರ್ ಫಾಸ್ಫೇಟ್ ಮೂರೂಮುಕ್ಕಾಲು ಕಿಲೋ ಸಾಕು. ಅದರ ಜೊತೆ ಯೂರಿಯಾ 650 ಗ್ರಾಂ, ಮ್ಯುರೇಟ್ ಆಫ್ ಪೊಟ್ಯಾಷ್ ಅರ್ಧ ಕಿಲೋ. ನೆಟ್ಟ 30ನೇ ದಿನ, ಮೊದಲ ಕಳೆ ತೆಗೆದ ಮೇಲೆ, ಮತ್ತೆ 650 ಗ್ರಾಂ ಯೂರಿಯಾ. ರಂಜಕಕ್ಕೆ ಡಿಎಪಿ ಬದಲು ಸೂಪರ್ ಫಾಸ್ಫೇಟ್ ಹಾಕುವುದಕ್ಕೆ ಕಾರಣವಿದೆ. ಅದರಲ್ಲಿ ಗಂಧಕವೂ ಇದೆ. ಈರುಳ್ಳಿಯ ಘಾಟು ಹುಟ್ಟುವುದೇ ಗಂಧಕದಿಂದ. ಮಣ್ಣು ಪರೀಕ್ಷೆ ಮಾಡಿಸಿದವರು ಅದರ ವರದಿಯಂತೆ ಈ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡಿಕೊಳ್ಳಬೇಕು. 45 ದಿನ ದಾಟಿದ ಮೇಲೆ ಯೂರಿಯಾ ಮುಟ್ಟಲೇಬೇಡಿ. ಎಲೆ ಕಡು ಹಸಿರಾಗಿ ಕಣ್ಣಿಗೆ ಚಂದ ಕಾಣುತ್ತದೆ, ಆದರೆ ಕತ್ತು ದಪ್ಪವಾಗಿ ಗೆಡ್ಡೆ ಬೇಗ ಕೊಳೆಯುತ್ತದೆ.

ಈರುಳ್ಳಿಯ ಎಲೆ ಕೊಳವೆಯಂತೆ ನೆಟ್ಟಗಿರುವುದರಿಂದ ನೆಲಕ್ಕೆ ನೆರಳು ಮಾಡುವುದಿಲ್ಲ. ಕಳೆಗೆ ಅದೇ ಅನುಕೂಲ. ಮೊದಲ 45 ದಿನ ಹೊಲ ಚೊಕ್ಕಟವಾಗಿದ್ದರೆ ಮುಂದೆ ಚಿಂತೆಯಿಲ್ಲ. 20ನೇ ದಿನ ಒಮ್ಮೆ, 40ನೇ ದಿನ ಒಮ್ಮೆ ಕೈಯಿಂದಲೇ ಕಳೆ ತೆಗೆಸಿ. ಕುಡುಗೋಲನ್ನು ಆಳಕ್ಕೆ ಹಾಕಿದರೆ ಬೇರು ಹರಿಯುತ್ತದೆ. ಎರಡನೇ ಸಲ ಬೋದಿನ ಮಣ್ಣನ್ನು ಬುಡಕ್ಕೆ ತೆಳುವಾಗಿ ಏರಿಸಿ, ಗೆಡ್ಡೆ ಪೂರ್ತಿ ಮುಚ್ಚದಿರಲಿ.

ಕಣ್ಣಿಡಬೇಕಾದ ಮೂರು ಶತ್ರುಗಳು

ಥ್ರಿಪ್ಸ್: ಎಲೆಯ ಸಂದಿಯಲ್ಲಿ ಕೂತು ರಸ ಹೀರುವ ಸೂಜಿಮೊನೆಯಷ್ಟು ಹುಳ. ಎಲೆಯ ಮೇಲೆ ಬೆಳ್ಳಿಯಂಥ ಗೀರು ಕಂಡರೆ ಇದರದೇ ಕೆಲಸ. ನಾಟಿಗೆ ಒಂದು ತಿಂಗಳು ಮುಂಚೆ ಹೊಲದ ಸುತ್ತ ಎರಡು ಸಾಲು ಮೆಕ್ಕೆಜೋಳ ಹಾಕಿದರೆ ಗಾಳಿಯಲ್ಲಿ ತೇಲಿ ಬರುವ ಹುಳಕ್ಕೆ ತಡೆ. ನೀಲಿ ಅಂಟು ಬಲೆ ನೆಟ್ಟರೆ ಹುಳ ಬಂದದ್ದು ಬೇಗ ಗೊತ್ತಾಗುತ್ತದೆ. ಶುರುವಿನಲ್ಲೇ ಬೇವಿನ ಎಣ್ಣೆ ಸಿಂಪಡಿಸಿ. ಈರುಳ್ಳಿ ಎಲೆಗೆ ಮೇಣದ ಲೇಪವಿರುವುದರಿಂದ ಯಾವ ಔಷಧಿಗೂ ಅಂಟು ದ್ರಾವಣ ಸೇರಿಸದಿದ್ದರೆ ಅದು ಜಾರಿ ನೆಲ ಸೇರುತ್ತದೆ.

ನೇರಳೆ ಮಚ್ಚೆ ರೋಗ: ಎಲೆಯ ಮೇಲೆ ಉದ್ದನೆಯ ಬಿಳಿ ಕಲೆ, ನಡುವೆ ನೇರಳೆ ಬಣ್ಣ, ಕೊನೆಗೆ ಎಲೆ ಅಲ್ಲೇ ಮುರಿದು ಬೀಳುವುದು. ಡಿಸೆಂಬರಿನಲ್ಲಿ ಇಬ್ಬನಿ ದಟ್ಟವಾಗಿ ಬಿದ್ದು ಹತ್ತು ಗಂಟೆಯಾದರೂ ಎಲೆ ಆರದ ದಿನಗಳಲ್ಲಿ ಹುಷಾರು. ಕಲೆ ಕಂಡ ಕೂಡಲೇ ಲೀಟರ್ ನೀರಿಗೆ 2ರಿಂದ 2.5 ಗ್ರಾಂ ಮ್ಯಾಂಕೋಜೆಬ್, ಅಂಟಿನ ಜೊತೆ. ಸಿಂಪಡಿಸಿದ ಮೇಲೆ ಪೊಟ್ಟಣದ ಮೇಲೆ ಬರೆದಷ್ಟು ದಿನ ಸೊಪ್ಪು ಕಿತ್ತು ಅಡುಗೆಗೆ ಹಾಕಬಾರದು.

ಬುಡ ಕೊಳೆ: ಎಲೆ ತುದಿಯಿಂದ ಹಳದಿಯಾಗಿ, ಎಳೆದರೆ ಗಿಡ ಬೇರಿಲ್ಲದೆ ಕೈಗೆ ಬರುತ್ತದೆ. ಬಂದ ಮೇಲೆ ಮದ್ದು ಕಡಿಮೆ. ಅಂಥ ಗಿಡ ಕಿತ್ತು ಹೊಲದ ಆಚೆ ಸುಡಬೇಕು, ತಿಪ್ಪೆಗೆ ಎಸೆಯಬಾರದು.

ನಡುವೆ ಹೂದಂಟು ಕಂಡರೆ ಎಳೆಯದಿರುವಾಗಲೇ ಮುರಿಯಿರಿ. ಪಲ್ಯಕ್ಕೂ ಆಗುತ್ತದೆ.

ಕೊಯ್ಲು ಮತ್ತು ಒಣಗಿಸುವುದು

ಗೆಡ್ಡೆ ನೆಟ್ಟ ಬೆಳೆ ತಳಿಗೆ ತಕ್ಕಂತೆ 65ರಿಂದ 90 ದಿನಕ್ಕೆ ಬರುತ್ತದೆ. ದಿನ ಎಣಿಸುವುದಕ್ಕಿಂತ ಸೊಪ್ಪು ನೋಡಿ. ಅರ್ಧಕ್ಕಿಂತ ಹೆಚ್ಚು ಗಿಡಗಳು ಕತ್ತು ಬಾಗಿ ಮಲಗಿದಾಗ ಹೊತ್ತು ಬಂತೆಂದು ಅರ್ಥ. ಅದಕ್ಕೆ ಹತ್ತು-ಹನ್ನೆರಡು ದಿನ ಮುಂಚೆಯೇ ನೀರು ನಿಲ್ಲಿಸಿರಬೇಕು. ತೂಕ ಹೆಚ್ಚಲೆಂದು ಕೊನೆಗೊಂದು ನೀರು ಕೊಡುವುದು ಈ ಬೆಳೆಯಲ್ಲಿ ದುಬಾರಿ ಆಸೆ. ಆ ತೂಕ ವಾರದಲ್ಲಿ ಹೋಗುತ್ತದೆ, ಕೊಳೆ ಮಾತ್ರ ಉಳಿಯುತ್ತದೆ.

ಕಿತ್ತ ಗುಂಪುಗಳನ್ನು ಹೊಲದಲ್ಲೇ ಸಾಲಾಗಿ ಮಲಗಿಸಿ, ಒಂದು ಸಾಲಿನ ಗೆಡ್ಡೆಯ ಮೇಲೆ ಮುಂದಿನ ಸಾಲಿನ ಸೊಪ್ಪು ಬರುವಂತೆ. ನೇರ ಬಿಸಿಲು ಗೆಡ್ಡೆಗೆ ತಾಗಬಾರದು. ಮೂರು ನಾಲ್ಕು ದಿನದ ನಂತರ ನೆರಳಿಗೆ ತಂದು ಗಾಳಿಯಾಡುವಲ್ಲಿ ಹತ್ತು ದಿನ ಹರಡಿ. ಕತ್ತು ಪೂರ್ತಿ ಒಣಗಿ ತೆಳ್ಳಗಾದ ಮೇಲೆ ಎರಡು ಸೆಂಟಿಮೀಟರಿನಷ್ಟು ಬಿಟ್ಟು ಸೊಪ್ಪು ಕೊಯ್ಯಿರಿ. ಹಸಿ ಕತ್ತು ಕೊಯ್ದರೆ ಆ ಗಾಯದಿಂದಲೇ ಕೊಳೆ ಇಳಿಯುತ್ತದೆ.

ಚೆನ್ನಾಗಿ ಬಂದ ಬೆಳೆ ಗುಂಟೆಗೆ 120ರಿಂದ 150 ಕಿಲೋ ಕೊಡುತ್ತದೆ, ಎಂದರೆ ನೆಟ್ಟದ್ದರ ಎಂಟು-ಹತ್ತು ಪಟ್ಟು.

ಮುಂದಿನ ಬೀಜ ನಿಮ್ಮದೇ ಆಗಲಿ

ಇಲ್ಲೊಂದು ತೊಡಕಿದೆ. ಫೆಬ್ರವರಿಯಲ್ಲಿ ಕಿತ್ತ ಗೆಡ್ಡೆಯನ್ನು ಅಕ್ಟೋಬರಿನವರೆಗೆ ಇಡುವುದು ಕಷ್ಟ. ಚೆನ್ನಾಗಿ ಒಣಗಿಸಿದ್ದು ನಾಲ್ಕೈದು ತಿಂಗಳು ತಡೆಯುತ್ತದೆ, ಮುಂಗಾರಿನ ಥಂಡಿಗೆ ಮೊಳಕೆ ಒಡೆಯುತ್ತದೆ. ಅದಕ್ಕೆ ದಾರಿ ಎಂದರೆ ಎರಡು ಹಂಗಾಮುಗಳನ್ನು ಜೋಡಿಸುವುದು. ಹಿಂಗಾರಿನ ಬೆಳೆಯಲ್ಲಿ ರೋಗವಿಲ್ಲದ, ಹೂದಂಟು ಬಾರದ, ಮರಿಗಳು ಒಂದೇ ಗಾತ್ರದಲ್ಲಿರುವ ಗುಂಪುಗಳನ್ನು ಗುರುತಿಸಿಟ್ಟುಕೊಳ್ಳಿ. ಅವನ್ನು ಸೊಪ್ಪಿನ ಸಮೇತ ಜುಟ್ಟು ಕಟ್ಟಿ, ಹೊಗೆಯಿಲ್ಲದ, ಗಾಳಿಯಾಡುವ ಕಡೆ ತೂಗುಹಾಕಿ. ಏಪ್ರಿಲ್ ಕೊನೆಯಲ್ಲಿ ಒಂದು ಸಣ್ಣ ಎತ್ತರದ ಮಡಿಯಲ್ಲಿ ನೆಟ್ಟು, ಜುಲೈಯಲ್ಲಿ ಮಳೆ ಬಿಡುವು ಕೊಟ್ಟಾಗ ಕೀಳಿ. ಆ ಗೆಡ್ಡೆ ಅಕ್ಟೋಬರಿನ ನಾಟಿಗೆ ವಿಶ್ರಾಂತಿ ಮುಗಿಸಿ ಕಾದಿರುತ್ತದೆ. ಒಂದು ಗುಂಟೆಯ ಹಿಂಗಾರಿನ ಬೀಜಕ್ಕೆ ಅಂಗಳದಷ್ಟು ಮಡಿ ಸಾಕು.

ಮಾರಾಟ

ಕಡೂರು, ಬೀರೂರು, ತರೀಕೆರೆಯ ಸಂತೆಗಳಲ್ಲಿ ದೊಡ್ಡ ಈರುಳ್ಳಿಗಿರುವಷ್ಟು ಗಿರಾಕಿ ಇದಕ್ಕಿಲ್ಲ. ಕೊಳ್ಳುವವರು ಹೋಟೆಲಿನವರು, ಮದುವೆ ಅಡುಗೆಯವರು, ಚಿಕ್ಕಮಗಳೂರಿನ ತರಕಾರಿ ಅಂಗಡಿಗಳು. ಮಾಘ, ಫಾಲ್ಗುಣದ ಮದುವೆಗಳ ಹೊತ್ತಿಗೇ ಬೆಳೆ ಬರುವುದು ಒಂದು ಅನುಕೂಲ. ನಾಟಿಗೆ ಮುಂಚೆಯೇ ನಾಲ್ಕು ಅಡುಗೆಯವರನ್ನು ಮಾತಾಡಿಸಿಟ್ಟುಕೊಳ್ಳಿ. ಎಕರೆಗಟ್ಟಲೆ ಹಾಕುವ ಯೋಚನೆಯಿದ್ದರೆ ನಾಲ್ಕೈದು ಜನ ಸೇರಿ ಲಾರಿ ಲೋಡಾಗುವಷ್ಟು ಮಾಲು ಒಂದೇ ವಾರದಲ್ಲಿ ಬರುವಂತೆ ನೋಡಿಕೊಳ್ಳಬೇಕು. ದೂರದ ವ್ಯಾಪಾರಿ ಬಿಡಿ ಚೀಲಕ್ಕಾಗಿ ಕಡೂರಿನವರೆಗೆ ಬರುವುದಿಲ್ಲ.

ತಿಂಗಳವಾರು ಕೆಲಸ

ಸೆಪ್ಟೆಂಬರ್: ಮಣ್ಣು ಪರೀಕ್ಷೆ, ಬೀಜದ ಗೆಡ್ಡೆ ಗೊತ್ತುಮಾಡುವುದು, ಹೊಲದ ಸುತ್ತ ಮೆಕ್ಕೆಜೋಳ.
ಅಕ್ಟೋಬರ್: ಕೊಟ್ಟಿಗೆ ಗೊಬ್ಬರ, ಉಳುಮೆ, ಬೋದು.
ಅಕ್ಟೋಬರ್ ಕೊನೆ-ನವೆಂಬರ್ ಮಧ್ಯ: ನಾಟಿ, ಮೂರನೇ ದಿನದ ನೀರು.
ನವೆಂಬರ್-ಡಿಸೆಂಬರ್: ಎರಡು ಸಲ ಕಳೆ, 30ನೇ ದಿನದ ಯೂರಿಯಾ, ಥ್ರಿಪ್ಸ್ ಮತ್ತು ಮಚ್ಚೆ ರೋಗದ ಮೇಲೆ ಕಣ್ಣು.
ಜನವರಿ: ಸೊಪ್ಪು ಬಾಗುವ ಮುಂಚೆ ನೀರು ನಿಲ್ಲಿಸುವುದು.
ಜನವರಿ ಕೊನೆ-ಫೆಬ್ರವರಿ: ಕೀಳುವುದು, ಒಣಗಿಸುವುದು, ಬೀಜದ ಗುಂಪು ಆರಿಸುವುದು.
ಏಪ್ರಿಲ್ ಕೊನೆ: ಬೀಜದ ಮಡಿ.

ತಳಿ ಮತ್ತು ಔಷಧಿಯ ವಿಚಾರದಲ್ಲಿ ಅನುಮಾನ ಬಂದರೆ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನೋ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರವನ್ನೋ ಕೇಳಿ. ಔಷಧಿ ಅಂಗಡಿಯ ಸಲಹೆಯನ್ನೇ ಕೊನೆಯ ಮಾತೆಂದು ಹಿಡಿಯಬೇಡಿ. ಸಾಂಬಾರ್ ಈರುಳ್ಳಿ ಮುಂಗಾರಿನ ನಷ್ಟವನ್ನೆಲ್ಲ ತುಂಬಿಕೊಡುವ ಬೆಳೆಯಲ್ಲ. ಆದರೆ ಎಪ್ಪತ್ತು-ಎಂಬತ್ತು ದಿನದಲ್ಲಿ ಮುಗಿಯುತ್ತದೆ, ಮಳೆಯ ಕಾಟದಿಂದ ದೂರವಿರುತ್ತದೆ, ಬೀಜವನ್ನು ಮನೆಯಲ್ಲೇ ಉಳಿಸಿಕೊಡುತ್ತದೆ. ಈ ಹಿಂಗಾರಿಗೆ ಒಂದೇ ಗುಂಟೆ ಹಾಕಿ ನೋಡಿ. ಎಕರೆಗೆ ಹೋಗುವ ತೀರ್ಮಾನವನ್ನು ನಿಮ್ಮ ಹೊಲದ ಲೆಕ್ಕ ನೋಡಿ ಮುಂದಿನ ವರ್ಷ ಮಾಡಿ.